ಎರಡು ಮರಿ ಅಳತೆ

ಯಲಹಂಕ ನ್ಯೂ ಟೌನಿನಲ್ಲಿ ಖಾಲಿ ಬಿದ್ದಿದ್ದ ಸೋಫಾ ಅಂಗಡಿಯೊಂದು ಭಾನುವಾರಕ್ಕೊಂದು ಹೋಟೆಲ್ ಆಗತೊಡಗಿತ್ತು. ಬೆಳಿಗ್ಗೆ ಬೋರ್ಡು ಏರುತ್ತದೆ, ಸಂಜೆ ಇಳಿಯುತ್ತದೆ. ಒಂದು ವಾರ ನಾಗಾಲ್ಯಾಂಡಿನವರ ಊಟ, ಇನ್ನೊಂದು ವಾರ ಯಾರೋ ಅಜ್ಜಿಯ ಕೊಂಕಣಿ ಅಡುಗೆ. ಪಾಪ್-ಅಪ್ ಅಂತೆ! ಜನ ಫೋನಿನಲ್ಲೇ ಸೀಟು ಹಿಡಿದು, ಕಾರು ನಿಲ್ಲಿಸಲು ಜಾಗ ಸಿಗದೆ ಬಯ್ದುಕೊಂಡು, ನಗುನಗುತ್ತಾ ಒಳಗೆ ಹೋಗುತ್ತಿದ್ದರು. ಅಟ್ಟೂರಿನ ಸುಮಾ ಇದನ್ನು ಎರಡು ಸಲ ನೋಡಿ ಬಂದಳು. ಮೂರನೇ ಸಲ ಹೋದವಳು ಬರಿಗೈಲಿ ಬರಲಿಲ್ಲ. ಅದನ್ನು ನಡೆಸುವ ಹೇಮಂತನಿಗೆ ದುಂಬಾಲು ಬಿದ್ದು, ಮುಂದಿನ ಭಾನುವಾರವನ್ನು ತನ್ನ ಮಾವನ ಹೆಸರಿಗೆ ಬರೆಸಿಯೇ ಬಂದಳು. ಮಾವನನ್ನು ಕೇಳಿದ್ದಳೇ? ಎಲ್ಲಿಯ ಮಾತು!

ಅವಳ ಮಾವ ಮುನಿಆಂಜಿನಪ್ಪ ಬೀಗರೂಟದ ಅಡುಗೆಯವರು. ಮದುವೆಯಾದ ಮೇಲೆ ಬೀಗರಿಗೆ ಹಾಕುವ ಆ ಮಾಂಸದೂಟಕ್ಕೆ ಅಟ್ಟೂರಿನಿಂದ ಹೆಸರಘಟ್ಟದವರೆಗೆ ಅವರೇ ಆಗಬೇಕಿತ್ತು. ಅವರು ಯಾವತ್ತು ಬಿಡುವು ಅಂತ ಕೇಳಿಕೊಂಡು ಆಮೇಲೆ ಮುಹೂರ್ತ ಇಡಿಸಿದವರೂ ಇದ್ದಾರೆ ಎನ್ನುತ್ತಾರೆ. ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತಾರೆ ಅನ್ನಿ. ಕಲ್ಯಾಣ ಮಂಟಪಗಳು ತಮ್ಮದೇ ಕಂಟ್ರಾಕ್ಟಿನವರನ್ನು ಇಟ್ಟುಕೊಂಡ ಮೇಲೆ, ನಾಲ್ಕು ವರ್ಷದಿಂದ ಆ ಸೌಟಿಗೆ ಕೆಲಸವಿಲ್ಲ.

ಸುದ್ದಿ ಹೇಳಿದಾಗ ಮಾವ ರೇಗಲಿಲ್ಲ. ಆಗಲೇ ಪಂಚೆ ಎತ್ತಿ ಕಟ್ಟಿದರು.

"ಎಷ್ಟ್ ಜನವ್ವಾ?"

"ಇಪ್ಪತ್ನಾಲ್ಕು, ಮಾವ."

"ಇಪ್ಪತ್ನಾಲ್ಕ್ ನೂರಾ?"

"ಬರೀ ಇಪ್ಪತ್ನಾಲ್ಕು."

ಮಾವ ಬಿದ್ದು ಬಿದ್ದು ನಕ್ಕರು. "ಅಷ್ಟ್ ಜನ ನಾನು ಅಡ್ಗೆ ಮಾಡೋದ್ನ ನೋಡಾಕೇ ನಿಂತಿರ್ತಿದ್ರು ಕಣವ್ವ!"

ಆ ನಗು ಬುಧವಾರದವರೆಗೆ ಇತ್ತು. ಅವತ್ತು ಒಂದು ಸಲ ಮಾಡಿ ನೋಡೋಣವೆಂದು ನಾಲ್ಕು ಕೆಜಿ ಮಾಂಸ ತಂದು ಮನೆಯ ಗ್ಯಾಸಿನ ಮೇಲೆ ಸಾರಿಗಿಟ್ಟರು. ಅತ್ತೆ ಅಂಜಿನಮ್ಮ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು ನೀರಿನ ಚೊಂಬು ಹುಡುಕಿದರು. "ಅಯ್ಯೋ ನಿಮ್ಮ! ಸಮುದ್ರಾನೇ ಬಗ್ಸವ್ರಲ್ಲ!" ಗುರುವಾರ ಮಾವ ಹೆದರಿ ಹೆದರಿ ಉಪ್ಪು ಉದುರಿಸಿದರು, ಖಾರ ಹಾಕುವಾಗಲೂ ಕೈ ಹಿಂದೆಗೆದರು. ಸಾರು ಸಪ್ಪೆ ಅಂದರೆ ಸಪ್ಪೆ, ಕೆಂಪಗಿನ ಬಿಸಿನೀರು. ಈ ಸಲ ಅತ್ತೆ ತಮ್ಮ ತಟ್ಟೆಗೆ ತಾವೇ ಉಪ್ಪು ಉದುರಿಸಿಕೊಂಡರು. ಅದೇ ಮಾವನಿಗೆ ತಡೆಯಲಾಗಲಿಲ್ಲ.

"ಕೈ ಸತ್ತೋಯ್ತು ಕಣವ್ವ," ಎಂದು ಸೌಟು ಕೆಳಗಿಟ್ಟರು. "ಭಾನ್ವಾರ ನನ್ನೆಸ್ರು ತೆಗ್ಸು. ಆ ದೊಡ್ ಕೊಳ್ಗ, ಸೌಟು ಎಲ್ಲಾ ಗುಜರಿಗಾಕ್ಬುಡಿ."

ಇಲ್ಲದ ಹಂಬಲ ಹುಟ್ಟಿಸಿ ಮುದುಕರ ಮರ್ಯಾದೆ ಕಳೆದೆನಲ್ಲ ಎಂದು ಸುಮಾ ತನ್ನನ್ನೇ ಶಪಿಸಿಕೊಂಡಳು. ಆದರೆ ಕೈ ಕಟ್ಟಿ ಕೂರುವ ಜಾತಿಯಲ್ಲ ಅವಳದು. ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಕೈಗಿಟ್ಟು, ಮಾವನ ಎದುರೇ ಕೂತಳು.

"ಮಾವ, ಉಪ್ಪು ಎಷ್ಟ್ ಹಾಕ್ತೀರ?"

"ಒಂದ್ ಕುರಿಮರಿಗೆ ನಾಲ್ಕ್ ಇಡಿ."

"ದನಿಯಾ?"

"ಮರಿಗೆ ಮೂರ್ ಬೊಗ್ಸೆ."

"ಸರಿ, ನಾಲ್ಕು ಕೆಜಿಗೆ?"

ಮಾವ ಬೊಗಸೆ ಹಿಡಿದರು, ಅರ್ಧ ಮಡಚಿದರು, ಮತ್ತೆ ಬಿಚ್ಚಿದರು. ಅಳತೆಯೇ ಸಿಗಲಿಲ್ಲ! ಸುಮಾ ಕೂತಲ್ಲಿಂದ ಎದ್ದುಬಿಟ್ಟಳು. ಐವತ್ತು ವರ್ಷ ಇಡೀ ಮರಿಯ ಲೆಕ್ಕದಲ್ಲೇ ಅಳೆದ ಕೈ ಅದು, ಅದಕ್ಕೆ ಚಮಚದ ಲೆಕ್ಕ ಎಲ್ಲಿಂದ ಬರಬೇಕು? ಅವರ ಕೈಗೆ ಏನೂ ಆಗಿರಲಿಲ್ಲ, ಪಾತ್ರೆ ಚಿಕ್ಕದಾಗಿತ್ತು.

"ಎರಡು ಮರಿ ಬೇಯ್ಸಿದ್ರೆ ಎಷ್ಟ್ ಜನ ಉಣ್ತಾರೆ?"

"ನೂರಿಪ್ಪತ್ ಜನ, ದಾರಾಳ. ಯಾಕವ್ವಾ?"

ಸುಮಾ ಆಗಲೇ ಹೇಮಂತನಿಗೆ ಫೋನ್ ಹಚ್ಚಿದ್ದಳು.

"ಮೇಡಂ, ಪಾಪ್-ಅಪ್ ಅಂದ್ರೆ ಚಿಕ್ಕದಾಗಿ ಚೊಕ್ಕವಾಗಿರ್ಬೇಕು," ಎಂದ ಹೇಮಂತ. "ನೂರಿಪ್ಪತ್ತು ಜನಾನ ಎಲ್ಲಿ ಕೂರ್ಸ್ತೀರ?"

"ಐದು ಪಂಕ್ತಿ ಮಾಡೋಣ ಸರ್. ಒಂದು ಏಳ್ತಿದ್ದಂಗೆ ಇನ್ನೊಂದು. ಮದುವೆ ಮನೇಲಿ ಕೂತಿಲ್ವಾ ನೀವು?"

"ಎರಡೇ ದಿನ ಇರೋದು. ಸೀಟು ತುಂಬ್ದೆ ಹೋದ್ರೆ?"

"ತುಂಬ್ಸೋದು ನನ್ ತಲೆನೋವು ಬಿಡಿ ಸರ್!"

ಹೇಳಿದ್ದೇನೋ ಹೇಳಿದಳು, ಇನ್ನು ತುಂಬಿಸಬೇಕಲ್ಲ! ಮಾವನ ಬೊಗಸೆ ತುಂಬ ದನಿಯಾ ಸುರಿದು ವಿಡಿಯೋ ಮಾಡಿದಳು. ಹಿಂದಿನಿಂದ ತಾನೇ ಮಾತಾಡಿದಳು: "ಈ ಕೈಗೆ ಇಪ್ಪತ್ನಾಲ್ಕು ಜನಕ್ಕೆ ಅಡುಗೆ ಮಾಡೋಕೆ ಬರಲ್ಲ ಕಣ್ರೀ. ದಯವಿಟ್ಟು ನೂರಿಪ್ಪತ್ತು ಜನ ಬನ್ನಿ." ಸಂಜೆಗೆ ನಲವತ್ತು ಸೀಟು ಹೋಯಿತು. ಶನಿವಾರ ಬೆಳಿಗ್ಗೆ ಎಂಬತ್ತು. ಹೆಬ್ಬಾಳದವರು, ಆರ್.ಟಿ. ನಗರದವರು, ದಾಸರಹಳ್ಳಿಯಿಂದ ಒಂದೇ ಮನೆಯ ಒಂಬತ್ತು ಜನ! ಮಧ್ಯಾಹ್ನ ಕೊನೆಯ ಸೀಟೂ ಹೋದಾಗ ಸುಮಾ ನಡುಮನೆಯಲ್ಲೇ ಕುಣಿದಳು. "ನಿಂಗೇನ್ ದೆವ್ವ ಮೆಟ್ಕೊಂಡೈತಾ?" ಎಂದ ಅತ್ತೆಯ ಕಾಲೂ ಸುಮ್ಮನಿರಲಿಲ್ಲ. ಮಾವ ಮಾತ್ರ ಮೂಲೆಯಲ್ಲಿ ಕೂತು ಕೊಳಗ ಬೆಳಗುತ್ತಿದ್ದರು.

ಭಾನುವಾರ ಬೆಳಗಾಗುತ್ತಲೇ ಅಂಗಡಿಯ ಹಿತ್ತಲಿನಲ್ಲಿ ಸೌದೆ ಒಲೆ ಹತ್ತಿತು. ಕೊಳಗ ಏರಿತು, ಎರಡು ಮರಿಯ ಮಾಂಸ ಇಳಿಯಿತು. ಮಾವ ಉಪ್ಪಿನ ಚೀಲಕ್ಕೆ ಕೈ ಹಾಕಿದರು. ಮೊದಲನೇ ಹಿಡಿ ಹಾಕಿ ನಿಂತರು. ಎರಡು, ಮೂರು. ಐದನೆಯದಕ್ಕೆ ಕೈ ಓಟ ಹಿಡಿಯಿತು. ಎಂಟಕ್ಕೆ ತಾನಾಗಿ ನಿಂತಿತು. ರುಚಿ ನೋಡಿ ಎಂದರೆ ಮಾವ ಒಪ್ಪಲಿಲ್ಲ. "ಉಂಡೋರು ಏಳ್ಲಿ ಎಂಗೈತೆ ಅಂತ."

ಹನ್ನೆರಡಕ್ಕೆ ಮೊದಲ ಪಂಕ್ತಿ ಕೂತಿತು. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಯಾರೂ ಕೈ ಇಡಲಿಲ್ಲ! ಎಲ್ಲರೂ ಫೋನ್ ಹಿಡಿದು ಎಲೆಯ ಮೇಲೆ ಬಗ್ಗಿದ್ದರು. ಒಬ್ಬರು ಮುದ್ದೆಯನ್ನು ಆ ಕಡೆ ತಿರುಗಿಸಿದರೆ, ಇನ್ನೊಬ್ಬರು ಈ ಕಡೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಾವನ ಮುಖ ಇಳಿದುಹೋಯಿತು.

"ವಾಸ್ನೆಗೇ ಗೊತ್ತಾಗೋಗೈತೆ ಅವ್ರಿಗೆ. ಯಾರೂ ಮುಟ್ತಿಲ್ಲ ನೋಡು."

"ಫೋಟೋ ತೆಗೀತಿದಾರೆ ಮಾವ, ಸ್ವಲ್ಪ ತಡೀರಿ!"

ಆಮೇಲೆ ಒಬ್ಬೊಬ್ಬರೇ ಫೋನ್ ಕೆಳಗಿಟ್ಟರು. ಮುದ್ದೆ ಮುರಿದರು, ಸಾರಿಗದ್ದಿ ನುಂಗಿದರು. ಗಲಗಲ ಎನ್ನುತ್ತಿದ್ದ ಅಂಗಡಿ ಗಪ್‌ಚಿಪ್ಪಾಯಿತು. ಸೊರ್ ಸೊರ್ ಎಂಬ ಸದ್ದು ಮಾತ್ರ. ಯಾರೋ ತಲೆ ಎತ್ತದೆಯೇ ಕೂಗಿದರು, "ಇನ್ನೊಂದ್ ಮುದ್ದೆ ಹಾಕಿ!" ಅದರ ಹಿಂದೆಯೇ, "ಇಲ್ಲಿಗೂ!" "ಸಾರು, ಸಾರು!" ಅತ್ತೆ ಬಡಿಸುವ ಬಕೆಟ್ ಹಿಡಿದು ಓಡಿದರು. ಮೂಲೆಯಲ್ಲಿದ್ದ ಹೆಂಗಸೊಬ್ಬರು ಅವರನ್ನೇ ನಿಲ್ಲಿಸಿ, "ಅಮ್ಮಾ, ಏನ್ ಕೈ ನಿಮ್ದು!" ಎಂದರು.

ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುತ್ತಾರಲ್ಲ, ಐವತ್ತು ವರ್ಷ ಮಾವನ ಪಾಡೂ ಅದೇ ಆಗಿತ್ತು. ಹೊಗಳಿಕೆ ಬಡಿಸಿದವರಿಗೆ, ಹೊಗೆ ಇವರಿಗೆ. ಉಣ್ಣುವವರ ಎದುರಿಗೆ ಅವರು ಒಂದು ದಿನವೂ ಬಂದು ನಿಂತವರಲ್ಲ. ಸುಮಾಗೆ ತಡೆಯಲಾಗಲಿಲ್ಲ. ಬೂದಿ ಮೆತ್ತಿದ ಆ ಕೈ ಹಿಡಿದು ಪಂಕ್ತಿಯ ನಡುವೆ ಎಳೆದುಕೊಂಡು ಬಂದಳು.

"ಇವ್ರೇ ಕಣ್ರೀ ಮಾಡಿದ್ದು! ನಮ್ ಮಾವ!"

ಎಂಜಲು ಕೈಯಲ್ಲೇ ಒಬ್ಬರು ಎದ್ದು ನಿಂತರು. ಪಕ್ಕದವರೂ ಎದ್ದರು. ನೋಡನೋಡುತ್ತಾ ಇಪ್ಪತ್ನಾಲ್ಕೂ ಜನ ಎದ್ದರು. ಮಾವನಿಗೆ ಕೈ ಮುಗಿಯುವುದೋ, ಒಳಗೆ ಓಡುವುದೋ ತಿಳಿಯಲಿಲ್ಲ. ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಮೆಲ್ಲಗೆ ಕೇಳಿದರು.

"ಉಪ್ಪು ಸರ್ಯಾಗೈತಾ?"

"ಸರಿಯಾಗಿದೆ!" ಎಂದು ಇಡೀ ಅಂಗಡಿ ಕೂಗಿತು.

ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು. ಸುಮಾಳ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಅವಳನ್ನು ನೋಡಿದ್ದೇ ಮುದುಕರಿಗೆ ಒಲೆಯ ಮುಂದೆ ಗದರುತ್ತಿದ್ದ ಹಳೆಯ ಗಂಟಲು ಬಂತು.

"ಅಳ್ತಾ ನಿಂತ್ರೆ ಆಯ್ತದಾ? ಇನ್ನೂ ನಾಲ್ಕ್ ಪಂಕ್ತಿ ಐತೆ. ಎಲೆ ಎತ್ಸು, ನಡಿ ನಡಿ!"