ಬಿಳಿ ಗೆರೆಯ ಗುಂಡುಕಲ್ಲು

ರುಕ್ಮಿಣಮ್ಮನ ತವರೂರು ಹಾಲಗಟ್ಟೆ ನೀರಿನಡಿಯಲ್ಲಿತ್ತು. ಎಚ್.ಡಿ. ಕೋಟೆ ಕಡೆ ಕಬಿನಿ ಹೊಳೆಗೆ ಅಣೆಕಟ್ಟು ಕಟ್ಟಿದಾಗ ಊರಿನವರೆಲ್ಲ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟಿದ್ದರು. ಆಗ ರುಕ್ಮಿಣಮ್ಮ ಕೆ.ಆರ್. ನಗರದ ಗಂಡನ ಮನೆಯಲ್ಲಿ ತುಂಬು ಗರ್ಭಿಣಿ. ತವರು ಖಾಲಿಯಾದದ್ದನ್ನು ಅವರು ಕಣ್ಣಾರೆ ನೋಡಲಿಲ್ಲ. ಅದಕ್ಕೇ ಇರಬೇಕು, ಅವರ ಮನಸ್ಸಿನಲ್ಲಿ ಆ ಊರು ಖಾಲಿಯಾಗಲೇ ಇಲ್ಲ. ಮಳೆ ಜೋರಾಗಿ ಬಂದರೆ ಈಗಲೂ, "ಹಿತ್ತಲ ಗೋಡೆ ನೆನೀತಾ ಇರ್ತದೆ," ಅನ್ನುತ್ತಿದ್ದರು. ಯಾವ ಹಿತ್ತಲೆಂದು ಮಗಳು ಪದ್ಮಶ್ರೀ ಕೇಳುತ್ತಿರಲಿಲ್ಲ.

2003ರ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದು, ಮುಳುಗಿದ ಊರುಗಳ ತಳಪಾಯ ಕಾಣುತ್ತಿದೆ ಎಂಬ ಸುದ್ದಿ ಬಂತು. ಪದ್ಮಶ್ರೀ ಕೆ.ಆರ್. ನಗರದಲ್ಲಿ ಪ್ರೈಮರಿ ಶಾಲೆಯ ಟೀಚರು. ಅವಳ ಜೊತೆಗಾರ್ತಿಯರು ಆನೆ ನೋಡಲು ಅತ್ತ ಕಡೆಗೇ ವ್ಯಾನು ಗೊತ್ತುಮಾಡಿದ್ದರು. ಹೊರಡುವ ಹಿಂದಿನ ದಿನ ರುಕ್ಮಿಣಮ್ಮ ದಪ್ಪ ಬಟ್ಟೆಯ ಚೀಲವೊಂದನ್ನು ಮಗಳ ಕೈಗೆ ಕೊಟ್ಟರು.

"ನಮ್ಮವ್ವ ರುಬ್ತಿದ್ದ ಒರಳು ಅಡುಗೆಮನೇಲೇ ಉಳ್ಕತು ಕಣೆ. ಅದ ತರಕಾಗಲ್ಲ. ಗುಂಡಾದ್ರೂ ತಂದ್ಕೊಡು. ಕೂಸಿಗೆ ಉಡಿದಾರ ಕಟ್ದಂಗೆ ನಡುಮಧ್ಯೆ ಒಂದು ಬಿಳಿ ಗೆರೆ ಐತೆ. ನೋಡಿದ್ರೇ ಗೊತ್ತಾಯ್ತದೆ."

"ಇಪ್ಪತ್ತೊಂಬತ್ತು ವರ್ಷ ನೀರಲ್ಲಿತ್ತಲ್ಲಮ್ಮ, ಸಿಗುತ್ತಾ?"

"ಕಲ್ಲೇನು ಈಜ್ಕೊಂಡು ಹೋಯ್ತದಾ?"

ವ್ಯಾನು ನಿಂತ ಜಾಗದಿಂದ ನೀರಿನವರೆಗೆ ಅರ್ಧ ಮೈಲಿ ಒಡೆದ ಕೆಸರು ನೆಲ. ಹಾಲಗಟ್ಟೆ ಎಂದರೆ ಸಾಲು ಸಾಲು ಕಲ್ಲು, ಬುಡ ಮಾತ್ರ ಉಳಿದ ಮರಗಳು, ಮೇಲ್ಭಾಗ ಕುಸಿದ ಒಂದು ಬಾವಿ. ಅಲ್ಲಲ್ಲಿ ಕಾರುಗಳ ಚಕ್ರದ ಗುರುತು, ಚಿಪ್ಸ್ ಪೊಟ್ಟಣ, ಒಡೆದ ಬಾಟಲಿ. ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಗ್ಗಿ ಬಗ್ಗಿ ಗಾಜಿನ ಚೂರು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು.

ಪದ್ಮಶ್ರೀ ಹತ್ತಿರ ಹೋಗಿ, "ನಮ್ಮ ತಾತ ಶಿವನಂಜಪ್ಪನವರ ಮನೆ ಎಲ್ಲಿತ್ತು, ಗೊತ್ತಾ ಅಮ್ಮ?" ಎಂದು ಕೇಳಿದಳು.

ಹೆಂಗಸು ಅವಳ ಮುಖವನ್ನೇ ದಿಟ್ಟಿಸಿದಳು. "ನೀನು ರುಕ್ಮಿಣಕ್ಕನ ಮಗಳಾ? ಹಣೆ ಅಂಗೇ ಐತಲ್ಲವ್ವಾ! ನಾನು ಪುಟ್ಟಸಿದ್ದಮ್ಮ ಕಣವ್ವ. ನಿಮ್ಮವ್ವಂಗೆ ಹೇಳು, ಗೊತ್ತಾಯ್ತದೆ. ಜೊತೇಲಿ ನೀರಿಗೆ ಹೋಯ್ತಿದ್ದೊ."

ಊರು ಬಿಟ್ಟ ಮೇಲೆ ಅವಳಿಗೆ ಮೇಲಿನ ಕಾಲೊನಿಯಲ್ಲಿ ಮನೆ ಸಿಕ್ಕಿತ್ತು. ನೀರು ಇಳಿದ ಬೇಸಿಗೆಯಲ್ಲೆಲ್ಲ ಆಡು ಹೊಡೆದುಕೊಂಡು ಇಲ್ಲಿಗೆ ಬರುತ್ತಿದ್ದಳು. ಅವಳು ಮುಂದೆ ನಡೆದಳು, ಪದ್ಮಶ್ರೀ ಮತ್ತು ವ್ಯಾನಿನಲ್ಲಿ ಜೊತೆಗೆ ಬಂದಿದ್ದ ಗೆಳತಿ ರಮ್ಯಾ ಹಿಂದೆ ಹೋದರು. ಒಂದು ತಳಪಾಯದ ಬಳಿ ನಿಂತು ಪುಟ್ಟಸಿದ್ದಮ್ಮ ಬೆರಳು ತೋರಿಸಿದಳು. ಒರಳು ಇರಲಿಲ್ಲ, ಅದಿದ್ದ ಕಡೆ ದೊಡ್ಡ ಗುಂಡಿ. ಅದರ ಪಕ್ಕದಲ್ಲಿ ಅರ್ಧ ಹೂತಿತ್ತು ಗುಂಡು. ಪದ್ಮಶ್ರೀ ಸೆರಗಿನಿಂದ ಕೆಸರು ಒರೆಸಿದಳು. ಬಿಳಿ ಗೆರೆ ಕಂಡಿತು. ತಾನು ನೋಡದ ಅಜ್ಜಿಯ ಅಂಗೈ ಸವೆಸಿದ ಕಲ್ಲು. ಅವಳು ಎರಡೂ ಕೈಯಿಂದ ಅದನ್ನು ಹಿಡಿದು ಮಣ್ಣಿನಿಂದ ಮೇಲೆತ್ತಿದಳು.

"ಒರಳ ಹೋದ್ವರ್ಷ ಯಾರೋ ಟ್ರಾಕ್ಟ್ರಲ್ಲಿ ಏರ್ಕೊಂಡೋದ್ರು," ಎಂದಳು ಪುಟ್ಟಸಿದ್ದಮ್ಮ. "ಹೂತೋಟಕ್ಕೆ ಚಂದ ಅಂತೆ. ಬೀಸೋ ಕಲ್ಲು, ಬಾಗ್ಲು ಕಲ್ಲು, ಒಂದೂ ಬುಡ್ಲಿಲ್ಲ. ನೋಡಕ್ ಬಂದೋರೆಲ್ಲ ನೆಪ್ಪಿಗೆ ಅಂತ ಒಂದೊಂದ ಎತ್ಕೊಂಡೋಯ್ತಾರೆ."

ರಮ್ಯಾ ಪದ್ಮಶ್ರೀಯ ಭುಜ ತಟ್ಟಿದಳು. "ನಿಮ್ಮಜ್ಜಿದೇ ಅಲ್ವೇನೆ? ಎತ್ಕೊ. ನೀನು ತಗೊಂಡ್ರೆ ಯಾರೇನಂತಾರೆ?"

"ಹ್ಞೂ, ತಕ್ಕೊ ಮಗ. ನಿಮ್ದೇಯ," ಎಂದಳು ಪುಟ್ಟಸಿದ್ದಮ್ಮ.

ಹಾಗಂದವಳು ಅಲ್ಲಿಂದ ಹೊರಟು, ಹೆಜ್ಜೆ ಎಣಿಸುತ್ತ ಎಡಕ್ಕೆ ನಡೆದಳು. ಮೂರನೆಯ ತಳಪಾಯ ಇರಬೇಕಾದ ಕಡೆ, ಬರೀ ಬಯಲಲ್ಲಿ, ಕುಕ್ಕರುಗಾಲಿನಲ್ಲಿ ಕೂತಳು.

"ಅಲ್ಲೇನಿದೆ ಅಮ್ಮ?" ಪದ್ಮಶ್ರೀ ಕೂಗಿದಳು.

"ನಮ್ಮನೆ. ನಮ್ದು ಮಣ್ಣಿನ ಮನೆ, ಏನೂ ಉಳೀನಿಲ್ಲ. ನಿಮ್ಮ ಗುಂಡುಕಲ್ಲಿಂದ ಎಡಕ್ಕೆ ಇಪ್ಪತ್ತು ಹೆಜ್ಜೆ ಹಾಕುದ್ರೆ ನಮ್ಮ ಒಲೆ ಮುಂದೆ ಬತ್ತೀನಿ. ನನ್ ಮಗ ಇಲ್ಲೇ ಹೋಗಿದ್ದು. ಮೂರು ತಿಂಗಳ ಕೂಸು."

ಅವಳ ದನಿಯಲ್ಲಿ ಬೇಡಿಕೆಯಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ.

ಪದ್ಮಶ್ರೀ ಕೈಯಲ್ಲಿದ್ದ ಕಲ್ಲನ್ನು ನೋಡಿದಳು. ಮನೆಯಲ್ಲಿ ಬಾಗಿಲಿಗೇ ಕಣ್ಣಿಟ್ಟು ಕಾಯುತ್ತಿರುವ ತಾಯಿಯ ನೆನಪಾಯಿತು. ಆದರೂ ಗುಂಡನ್ನು ಅದಿದ್ದ ಕುಳಿಯಲ್ಲೇ ಇಟ್ಟು, ಅಲುಗದ ಹಾಗೆ ಸುತ್ತ ಮಣ್ಣು ಒತ್ತಿದಳು. ತಾಯಿ ಕೊಟ್ಟ ಚೀಲ ಬಿಚ್ಚಿ ಗಾಜು ಆಯತೊಡಗಿದಳು. ಮೊದಲು ನಕ್ಕ ರಮ್ಯಾ ಆಮೇಲೆ ತಾನೂ ಬಗ್ಗಿದಳು. ಚೀಲ ತುಂಬಿದ ಮೇಲೆ ಪುಟ್ಟಸಿದ್ದಮ್ಮ ಬಂದು, "ಆಡಿನ ಕಾಲು ಉಳೀತು ಬುಡು," ಎಂದು ತನ್ನ ಮಡಿಲಲ್ಲಿದ್ದ ಚೂರುಗಳನ್ನೂ ಅದಕ್ಕೇ ಸುರಿದಳು.

ಸಂಜೆ ಮಗಳು ಬರಿಗೈಯಲ್ಲಿ ಬಂದದ್ದನ್ನು ಕಂಡು ರುಕ್ಮಿಣಮ್ಮ, "ಸಿಗ್ಲಿಲ್ವಾ?" ಎಂದರು.

"ಸಿಕ್ತಮ್ಮ. ಬಿಟ್ಟು ಬಂದೆ."

ಅವಳು ಕಾರಣ ಹೇಳುವ ಮೊದಲೇ ರುಕ್ಮಿಣಮ್ಮ ಎದ್ದು ಒಳಗೆ ಹೋದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸೊಪ್ಪು ಸೋಸುತ್ತ, ತಲೆ ಎತ್ತದೆ ಕೇಳಿದರು: "ಯಾಕೆ ಬುಟ್ಬಂದೆ?"

ಪದ್ಮಶ್ರೀ ಪುಟ್ಟಸಿದ್ದಮ್ಮನ ಹೆಸರು ಹೇಳಿದಳು, ಇಪ್ಪತ್ತು ಹೆಜ್ಜೆಯ ಮಾತನ್ನೂ ಹೇಳಿದಳು. ರುಕ್ಮಿಣಮ್ಮನ ಕೈ ನಿಂತಿತು.

"ಆ ಕೂಸ್ನ ನಾನು ಎತ್ಕೊಂಡಿದ್ದೆ ಕಣೆ. ನನ್ ಮದ್ವೆ ವರ್ಷ." ಸೊಪ್ಪನ್ನು ಪಕ್ಕಕ್ಕೆ ಸರಿಸಿ ಅಂದರು: "ನನ್ನೇ ಒಂದ್ಸಲ ಕರ್ಕೊಂಡೋಗು. ಮುಟ್ಟಿ ಬತ್ತೀನಿ."

ಮರುವರ್ಷ ಅವರು ಬಿದ್ದು ಕಾಲು ಮುರಿದುಕೊಂಡರು. ಅದರ ಮುಂದಿನ ವರ್ಷ ಹೋಗುವ ಹೊತ್ತಿಗೆ ಮಳೆ ಚೆನ್ನಾಗಿ ಹಿಡಿದು ಹಾಲಗಟ್ಟೆ ಪೂರಾ ಮುಳುಗಿತ್ತು. ಬಸ್ಸಿಳಿದು ದಡಕ್ಕೆ ಬಂದಾಗ, ಮೊದಲೇ ಹೇಳಿ ಕಳಿಸಿದ್ದರಿಂದ ಪುಟ್ಟಸಿದ್ದಮ್ಮ ಕಾಯುತ್ತಿದ್ದಳು. ಗೆಳತಿಯರಿಬ್ಬರೂ ಕೈ ಹಿಡಿದುಕೊಂಡರು.

"ಯಾವ ಕಡೆಗೆ?" ಎಂದರು ರುಕ್ಮಿಣಮ್ಮ.

ಪುಟ್ಟಸಿದ್ದಮ್ಮ ನೀರಿನ ನಡುವಿನತ್ತ ಕೈ ಚಾಚಿದಳು. "ಅಗಾ, ಆ ಒಣಮರದ ನೇರಕ್ಕೆ. ಮೊದ್ಲು ನಿಮ್ದು, ಆಮೇಲೆ ನಮ್ದು."

ರುಕ್ಮಿಣಮ್ಮ ಚಪ್ಪಲಿ ಬಿಟ್ಟು, ಮೊಣಕಾಲವರೆಗೆ ನೀರಿಗಿಳಿದು ನಿಂತರು. ಪುಟ್ಟಸಿದ್ದಮ್ಮನೂ ಇಳಿದು ಪಕ್ಕದಲ್ಲಿ ನಿಂತಳು. ಅಷ್ಟರಲ್ಲಿ ಎದುರು ದಡದ ಕಾಡಿನಿಂದ ಆನೆಗಳು ಹೊರಬಂದವು. ದಡದಲ್ಲಿದ್ದ ಪ್ರವಾಸಿಗರು ಕ್ಯಾಮೆರಾ ಹಿಡಿದು, "ಆನೆ, ಆನೆ!" ಎಂದು ಅತ್ತ ಓಡಿದರು. ಪದ್ಮಶ್ರೀಯೂ ತಿರುಗಿ ನೋಡಿದಳು. ನೀರಿನಲ್ಲಿ ನಿಂತ ಇಬ್ಬರು ಹೆಂಗಸರು ಮಾತ್ರ ಒಣಮರದ ಕಡೆಯಿಂದ ಕಣ್ಣು ಕೀಳಲಿಲ್ಲ.