ಸೇತುವೆಗೆ ಕಡಿಮೆ ಬಿದ್ದ ಗೇಣು

ನಮ್ಮ ಮನೆಯಲ್ಲಿ ಎರಡು ಇಲಾಖೆಗಳು ಒಂದೇ ಮೇಜಿಗೆ ಕೂತು ಊಟ ಮಾಡುತ್ತವೆ. ಅಪ್ಪ ರೈಲ್ವೆಯಲ್ಲಿ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ. ನನ್ನ ಗಂಡ ಹೆದ್ದಾರಿ ಇಲಾಖೆಯ ಇಂಜಿನಿಯರ್. ಊರಾಚೆ ಹೆದ್ದಾರಿಗಳು ಕೂಡುವ ಜಾಗವನ್ನು ಒಡೆದು, ಹಳಿಯ ಮೇಲೆ ಹೊಸ ಸೇತುವೆ ಕಟ್ಟುವ ಕೆಲಸ ಶುರುವಾದ ದಿನವೇ ಇಬ್ಬರೂ ಒಂದು ಕಟ್ಟಳೆ ಮಾಡಿಕೊಂಡರು. ಕಚೇರಿಯ ವಿಷಯ ಏನಿದ್ದರೂ ಪತ್ರದಲ್ಲಿ. ಮನೆಯಲ್ಲಿ ಬಾಯಿ ಬಿಡಕೂಡದು. ಮಂಡಿನೋವು, ಚಪ್ಪಲಿ, ನನ್ನ ಅಡುಗೆಯ ಉಪ್ಪು, ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ಕಿಟಕಿಯಾಚೆ ಕಣ್ಣಿಗೆ ರಾಚುತ್ತಿದ್ದ ಕಂಬಗಳ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ತಿಂಗಳ ಕೊನೆಗೆ ಅಪ್ಪನ ನಿವೃತ್ತಿ. ಮೂವತ್ತನಾಲ್ಕು ವರ್ಷ ತಾವೇ ಜಲ್ಲಿ ಬಿಗಿದ ಹಳಿಯನ್ನು ಒಂದು ಕಲ್ಲೂ ಅಲುಗದಂತೆ ಒಪ್ಪಿಸಿ ಹೋಗಬೇಕು, ಅದೊಂದೇ ಅವರ ಆಸೆ.

ಕಂಬಗಳ ಮೇಲೆ ತೊಲೆ ಕೂರಿಸಲು ಇನ್ನೊಂದು ವಾರವಿತ್ತು. ಒಂದು ರಾತ್ರಿ ಊಟ ಮುಗಿಸಿ ಗಂಡ ಕೈ ತೊಳೆಯಲು ಎದ್ದಾಗ ಅಪ್ಪ ಮೆಲ್ಲಗೆ ಕೇಳಿದರು.

"ಮಗಳೇ, ಐದು ವರ್ಷದ ಹಿಂದಿನ ಅಳತೆ ಇಟ್ಕೊಂಡು ಮಗೂಗೆ ಅಂಗಿ ಹೊಲೀತೀಯಾ?"

ನಾನು ಬಟ್ಟೆ ಹೊಲಿಯುವವಳು. ಇಂಥ ಪ್ರಶ್ನೆ ನನಗೆ ಬೈದಂತೆಯೇ. "ಏನಪ್ಪಾ ನೀನು! ಮಗು ಬೆಳೆದಿರಲ್ವಾ?"

"ಹಳೀನೂ ಬೆಳೆಯುತ್ತಮ್ಮ. ಕೆಳಗೆ ಜಲ್ಲಿ ತುಂಬಿದ ಹಾಗೆಲ್ಲ ಮೇಲೇಳುತ್ತೆ. ಐದು ವರ್ಷದಲ್ಲಿ ಒಂದು ಗೇಣು ಎದ್ದಿದೆ. ಇವರ ನಕ್ಷೆ ಐದು ವರ್ಷದ ಹಿಂದಿಂದು, ಸೇತುವೆ ಅಷ್ಟು ತಗ್ಗಾಗುತ್ತೆ."

"ಅಯ್ಯೋ, ಹೇಳ್ಬಾರ್ದಾ ಅವರಿಗೆ?"

"ಪತ್ರ ಬರೆದು ಎರಡು ತಿಂಗಳಾಯ್ತು. ಮೇಲಕ್ಕೆ ಹೋಗಿದೆ, ಇಳಿದು ಬರುತ್ತೆ."

ಗಂಡ ಬಂದದ್ದೇ ತಡ, ನಾನು ಎಲ್ಲವನ್ನೂ ಒದರಿಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಇಲಾಖೆ ನೆನಪಾಯಿತು.

"ಪತ್ರ ಬಂದಿಲ್ವಲ್ಲ. ಅಡುಗೆಮನೆ ಮಾತು ಕೇಳಿ ಕೆಲಸ ನಿಲ್ಲಿಸಿದ್ರೆ ಆಫೀಸಲ್ಲಿ ನನ್ನ ಮಾನ ಹರಾಜಾಗುತ್ತೆ."

"ಸರಿಯಾದ ಮಾತು," ಎಂದು ಅಪ್ಪ ತಲೆದೂಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಅಪ್ಪನ ಪತ್ರದ ನಕಲನ್ನು ಮಡಚಿ ಗಂಡನ ಊಟದ ಡಬ್ಬಿಯ ಮುಚ್ಚಳದಡಿ ಇಟ್ಟೆ. ಸಂಜೆ ಅದು ಮಡಿಕೆ ಬಿಚ್ಚದೆ ವಾಪಸು ಬಂತು. ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: "ಸ್ವೀಕೃತಿ ಮುದ್ರೆ ಇಲ್ಲ."

ಭಾನುವಾರ ತೊಲೆಗಳು ಕೂತವು. ಸಾಹೇಬರುಗಳು ಚಪ್ಪಾಳೆ ತಟ್ಟಿದರು. ಸೋಮವಾರ ರೈಲ್ವೆಯವರು ಕೋಲು ಹಿಡಿದು ಅಳೆದರು. ಹಳಿಗೂ ಸೇತುವೆಗೂ ನಡುವಿನ ಎತ್ತರ ಸರಿಯಾಗಿ ಒಂದು ಗೇಣು ಕಡಿಮೆ. ರೈಲುಗಳು ನಿಂತವು. ಒಂದು ಸಮಿತಿ ಕೂತು, ಮೂರು ಸಲ ಚಹಾ ಕುಡಿದು, ಸೇತುವೆಯ ತಪ್ಪೇನೂ ಇಲ್ಲ, ಹಳಿಯೇ ಅನುಮತಿ ಪಡೆಯದೆ ಬೆಳೆದಿದೆ ಎಂದು ಕಂಡುಹಿಡಿಯಿತು. ಏರಿಸಿದ ಗ್ಯಾಂಗೇ ಅದನ್ನು ಇಳಿಸತಕ್ಕದ್ದು. ಎರಡು ತಿಂಗಳಾದರೂ ಬಾರದ ಪತ್ರವೆಲ್ಲಿ, ಈ ಆದೇಶವೆಲ್ಲಿ! ಇದು ಅರ್ಧ ದಿನದಲ್ಲಿ ಬಂತು.

ಅಪ್ಪನ ನೌಕರಿಯ ಕೊನೆಯ ವಾರ ಹಾಗೆ ಕಳೆಯಿತು. ತಾವು ಬಿಗಿದ ಜಲ್ಲಿಯನ್ನು ತಾವೇ ಗುದ್ದಲಿಯಿಂದ ಕೆದರಿ ಬುಟ್ಟಿಗೆ ತುಂಬಿಸುತ್ತಿದ್ದರು. ಮೇಲೆ ಸೇತುವೆಯ ಮೇಲೆ ನನ್ನ ಗಂಡ ಹಳದಿ ಟೋಪಿ ಹಾಕಿಕೊಂಡು ನಿಂತಿರುತ್ತಿದ್ದರು. ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತ ಇಬ್ಬರನ್ನೂ ನೋಡುತ್ತಿದ್ದೆ. ಹೊಲಿಗೆ ಸೊಟ್ಟಗಾಗುತ್ತಿತ್ತು.

ನಿವೃತ್ತಿಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಜೇಬಿನಿಂದ ಒಂದು ಲಕೋಟೆ ತೆಗೆದರು.

"ಮಾವ, ನಿಮ್ಮ ಪತ್ರ ಇವತ್ತು ಬಂತು."

"ಮುದ್ರೆ ಇದೆಯಾ?"

"ಏಳು ಇವೆ."

"ಹಾಗಾದ್ರೆ ಓದಿ. ಈಗ ಓದಬಹುದು."

ಗಂಡ ಗಟ್ಟಿಯಾಗಿ ಓದಿದರು. ಹಳಿ ಏರಿದ ಲೆಕ್ಕ, ಕಂಬದ ನಂಬರು, ಎಲ್ಲವೂ ಇತ್ತು. ಕೊನೆಯ ಸಾಲಿಗೆ ಬಂದಾಗ ಅವರ ದನಿ ಇಳಿಯಿತು. "ಆದ್ದರಿಂದ ಸೇತುವೆಯನ್ನು ಒಂದು ಗೇಣು ಎತ್ತರಿಸಲು ಕೋರುತ್ತೇನೆ. ತಪ್ಪಾದರೆ ಅಲ್ಲಿನ ಇಂಜಿನಿಯರ್ ಮೇಲೆ ಬರುತ್ತದೆ. ಆತ ನಮ್ಮ ಮನೆಯ ಹುಡುಗ."

ಗಂಡ ತಟ್ಟೆ ಪಕ್ಕಕ್ಕೆ ಸರಿಸಿದರು. ಕಣ್ಣು ತುಂಬಿತ್ತು. "ಮಾವ, ಅವತ್ತೇ ನಾನು..."

ಅಪ್ಪ ಬೊಬ್ಬೆ ಎದ್ದ ಕೈಯೆತ್ತಿ ತಡೆದರು.

"ಬಾಯಲ್ಲಿ ಬೇಡ ಅಳಿಯಂದ್ರೇ. ಪತ್ರ ಬರೀರಿ."