ಗದ್ದುಗೆ ಏರಿದ ಗಾಡಿ

ಬಸವಂತರಾಯರ ಎರಡನೇ ಪುಣ್ಯತಿಥಿಯ ದಿನ ನಮ್ಮೂರ ಕ್ರಾಸಿನಲ್ಲಿ ಎಲ್ಲವೂ ಇತ್ತು. ಮಾಲೆ ಇತ್ತು, ಮೈಕು ಇತ್ತು, ಬೇವಿನ ಮರಕ್ಕೆ ಕಟ್ಟಿದ ಆಳೆತ್ತರದ ಬ್ಯಾನರಿತ್ತು, ಸಾಲೆಯ ಹಿಂದೆ ಹಂಡೆಗಟ್ಟಲೆ ಹುಗ್ಗಿ ಕುದಿಯುತ್ತಿತ್ತು. ಇಲ್ಲದ್ದು ಒಂದೇ. ನನ್ನ ತಮ್ಮ ಅರುಣಕುಮಾರನನ್ನು ಯಾದಗಿರಿಗೆ ಒಯ್ಯಲು ಒಂದು ಗಾಡಿ ಇರಲಿಲ್ಲ.

ನಾನು ಸರೋಜಾ. ಶಹಾಪುರ–ಸುರಪುರ ರಸ್ತೆಯ ಈ ಕ್ರಾಸಿನಲ್ಲಿ ಚಹಾ, ಮಿರ್ಚಿ ಭಜಿ ಮಾರುತ್ತೇನೆ. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ. ಹೇಳಿಕೊಂಡೇ ನನ್ನ ಭಜಿ ತಿಂದು ಹೋಗುತ್ತದೆ. ಅರುಣ ಊರ ಸಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದ. ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆ ಅವನಿಗೆ ಪಾಳಿ ಸಿಕ್ಕಿದ್ದು ಯಾದಗಿರಿಯಲ್ಲಿ, ವಾರಕ್ಕೆ ಎರಡು ಸಲ. ಹಿಂದಿನ ಪಾಳಿ ಗಾಡಿ ಸಿಗದೆ ತಪ್ಪಿಹೋಗಿತ್ತು. ಮುಖ ಬಾತಿತ್ತು, ಕಾಲು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. “ಇವತ್ತಿಂದು ತಪ್ಪಿಸಬ್ಯಾಡ್ರಿ ಅಕ್ಕಾ, ತಪ್ಪಿಸಿದ್ರ ನಮ್ಮ ಕೈಯಾಗ ಏನೂ ಉಳಿಯಂಗಿಲ್ಲ” ಅಂತ ಅಲ್ಲಿನ ನರ್ಸ್ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದಳು.

ಊರಲ್ಲಿದ್ದ ಕ್ರೂಸರು, ಟಂಟಂ ಎಲ್ಲವನ್ನೂ ಪುಣ್ಯತಿಥಿಯ ಕಮಿಟಿಯವರು ಸುರಪುರದ ಕಡೆಯಿಂದ, ಶಹಾಪುರದ ಕಡೆಯಿಂದ ಅಭಿಮಾನಿಗಳನ್ನು ತುಂಬಿಕೊಂಡು ಬರಲು ಕಳಿಸಿಬಿಟ್ಟಿದ್ದರು. ಉಳಿದದ್ದು ಒಂದೇ ಗಾಡಿ. ನನ್ನ ಅಂಗಡಿಯ ಎದುರಿಗೇ ಇತ್ತು. ಬೆಳ್ಳಗೆ, ತೊಳೆದು, ಹಾಲೆರೆದು, ಚೆಂಡು ಹೂವಿನಲ್ಲಿ ಮುಚ್ಚಿ, ಎದೆಮಟ್ಟದ ಕಟ್ಟೆಯ ಮೇಲೆ ಇತ್ತು. ಅದಕ್ಕೆ ಗಾಲಿ ಇರಲಿಲ್ಲ.

ಆ ಗಾಡಿಯ ಕಥೆ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ.

ಬಸವಂತರಾಯರು ನಮ್ಮೂರವರೇ. ಬೆಂಗಳೂರಿಗೆ ಹೋಗಿ, ಬಹಳ ವರ್ಷ ಸಣ್ಣ ಪುಟ್ಟ ಪಾತ್ರ ಮಾಡಿ, ಕೊನೆಗೆ ಒಂದು ಧಾರಾವಾಹಿಯಲ್ಲಿ ಡಾಕ್ಟರಾದರು. ಆ ಡಾಕ್ಟರು ಎಂಥವನೆಂದರೆ, ಬಡವರ ಮನೆಗೆ ತಾನೇ ಹೋಗಿ ಮುಂಗೈ ಹಿಡಿದು ಕೂತುಬಿಟ್ಟರೆ ಸಾಕು, ಹೋಗುವ ಜೀವ ತಿರುಗಿ ಬರುತ್ತಿತ್ತು. ಅದು ಶುರುವಾಗುವ ಹೊತ್ತಿಗೆ ನಮ್ಮೂರಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಜನ ಅವರ ಹೆಸರನ್ನೇ ಮರೆತು ಡಾಕ್ಟ್ರಪ್ಪ ಅನ್ನತೊಡಗಿದರು.

ಒಮ್ಮೆ ಅವರು ಊರಿಗೆ ಬಂದಾಗ ಮುದುಕಿ ಗೊಲ್ಲಾಳಮ್ಮ ತನ್ನ ಮೊಣಕಾಲಿನ ಎಕ್ಸರೇ ತಂದು ಅವರ ಕೈಗಿಟ್ಟಳು. “ನೋಡಪಾ, ಟಿ.ವಿ.ಯಾಗ ಯಾರ್‍ಯಾರ್ದೋ ಜ್ವರ ಇಳಸ್ತಿ. ನಿಮ್ಮೂರ ಮುದುಕಿ ಮೊಣಕಾಲ ನಿನಗ ಕಾಣಂಗಿಲ್ಲೇನು?” ಪಾಪ, ಅವರಿಗೆ ಅಲ್ಲಗಳೆಯಲು ಬಾಯಿ ಬರಲಿಲ್ಲ. ಎಕ್ಸರೇಯನ್ನು ಬಿಸಿಲಿಗೆ ಹಿಡಿದು, ಅದೂ ತಲೆಕೆಳಗಾಗಿ ಹಿಡಿದು, ಗಂಭೀರವಾಗಿ ನೋಡಿದರು. ಮುದುಕಿಗೆ ಅಷ್ಟೇ ಸಾಕಾಯಿತು, ನೋವು ಕಡಿಮೆಯಾಯಿತೆಂದು ನಡೆದೇ ಮನೆಗೆ ಹೋದಳು. ಅವಳ ಹಿಂದೆ ಇನ್ನೂ ಹತ್ತಾರು ಜನ ತಂತಮ್ಮ ಚೀಟಿ, ಎಕ್ಸರೇ ಹಿಡಿದು ನಿಂತಿದ್ದರು.

ಆಮೇಲೆ ಅವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. “ಸರೋಜವ್ವ, ಇವರು ನನ್ನ ಖರೇನೇ ಡಾಕ್ಟರ್ ಅಂತ ತಿಳದಾರ. ನಾ ಏನ್ ಮಾಡ್ಲಿ ಹೇಳು.”

“ಡಾಕ್ಟರ್ ಆಗಾಕ ನಿಮಗ ಆಗಂಗಿಲ್ರಿ. ಡಾಕ್ಟರ್ ಕಡಿ ಒಯ್ಯಾಕರ ಆಗ್ತದಲ್ಲ?” ಅಂದೆ. ನನ್ನ ಬಾಯಿಗೆ ತಡೆಯೇ ಇಲ್ಲ.

ಆ ವರ್ಷವೇ ಈ ಗಾಡಿ ಬಂತು. ಒಳಗೆ ಮಲಗಲು ಮಂಚ, ಕೂರಲು ನಾಲ್ಕು ಜನಕ್ಕೆ ಸೀಟು. ಡೀಸೆಲ್ ಅವರದು, ಡ್ರೈವರ್ ಪಗಾರ ಅವರದು. ಬಳಿಚಕ್ರದವರಿರಲಿ, ಕೊಂಕಲ್‌ನವರಿರಲಿ, ಫೋನು ಮಾಡಿದವರ ಮನೆಗೆ ಹೋಗಬೇಕು, ಒಂದು ಪೈಸೆ ಕೇಳಬಾರದು. ಊರ ಹಿರಿಯ ಮರಿಲಿಂಗಪ್ಪ ಕಾಕಾ ಗಾಡಿಯ ಮೇಲೆ ಅವರ ಫೋಟೋ ಬರೆಸೋಣ ಅಂದಾಗ ಅವರು ಸಿಡಿದೇಬಿಟ್ಟರು. “ಫೋಟೋ ಬ್ಯಾಡ. ಫೋಟೋ ಹಾಕಿದ್ರ ನೀವು ಮಾಲಿ ಹಾಕ್ತೀರಿ. ಗಾಡಿ ತಿರಗಬೇಕು, ಅಷ್ಟ.”

ಡ್ರೈವರ್ ರಾಜಾಸಾಬ. ಅವನದೊಂದು ಪದ್ಧತಿ ಇತ್ತು. ಹಿಂದೆ ಮಲಗಿದ ರೋಗಿಗೆ ಹೊರಗೆ ಕಾಣುವುದಿಲ್ಲ, ದಾರಿ ಸಾಗುತ್ತಿಲ್ಲ ಅನಿಸಿ ಜೀವ ಕುಂದುತ್ತದೆ. ಅದಕ್ಕೆ ಅವನು ಗಾಡಿ ಓಡಿಸುತ್ತಲೇ ಒಂದೊಂದೇ ಊರನ್ನು ಕೂಗಿ ಹೇಳುತ್ತಿದ್ದ. ಭೀಮರಾಯನಗುಡಿ ಬಂತು. ಮಲಗಿದ ಬುದ್ಧನ ಗುಡ್ಡ ಕಾಣಾಕತ್ತದ. ದೋರನಹಳ್ಳಿ ದಾಟಿದ್ವಿ. ಭೀಮಾ ಬ್ರಿಜ್ ಬಂದಾಗ ಗಾಡಿ ನಿಧಾನ ಮಾಡುತ್ತಿದ್ದ. ಹೊಳೆ ದಾಟುವಾಗ ನಮ್ಮ ಜನ ನೀರಿಗೆ ಒಂದು ನಾಣ್ಯ ಹಾಕಿ ಕೈ ಮುಗಿಯುತ್ತಾರಲ್ಲ, ಅರುಣನೂ ಮಲಗಿದಲ್ಲಿಂದಲೇ ಕಿಟಕಿಯಾಚೆ ಕೈ ಚಾಚಿ ಹಾಕುತ್ತಿದ್ದ. “ನೀ ಸೈನ್ಸ್ ಮಾಸ್ತರಲ್ಲೋ?” ಅಂತ ನಾನು ಕಾಡಿದರೆ, “ಹೊಳಿಗೆ ಸೈನ್ಸ್ ಗೊತ್ತಿಲ್ಲಕ್ಕಾ” ಅನ್ನುತ್ತಿದ್ದ. ಹೋಗುವಾಗ ಒಂದು, ತಿರುಗಿ ಬರುವಾಗ ಒಂದು.

ಎರಡು ವರ್ಷದ ಹಿಂದೆ ಬಸವಂತರಾಯರು ಶೂಟಿಂಗಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಆವತ್ತು ಕ್ರಾಸಿನಲ್ಲಿ ಒಲೆ ಹಚ್ಚಿದವರಿಲ್ಲ. ನಾನು ನನ್ನ ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ತಿಥಿಕಾರ್ಯ ಮುಗಿದ ಮೇಲೆ ಸುದ್ದಿ ಬಂತು, ಗಾಡಿಯ ಕಾಗದ ಅವರ ಹೆಸರಲ್ಲಿದೆ, ಸಂಬಂಧಿಕರು ಬಂದು ಒಯ್ದು ಮಾರುತ್ತಾರಂತೆ. ಊರು ಕಂಗಾಲಾಯಿತು. ಆಗ ಉಪಾಯ ಹೇಳಿದವನು ನನ್ನ ತಮ್ಮನೇ. “ಗದ್ದುಗಿ ಮ್ಯಾಲ ಕುಂದ್ರಿಸ್ರಿ. ಹೂವು ಏರಿಸಿ ಊದಿನಕಡ್ಡಿ ಹಚ್ಚಿದ್ದಕ್ಕ ಯಾರೂ ಕೈ ಹಚ್ಚಂಗಿಲ್ಲ. ಅವರು ಹೋದ ಮ್ಯಾಲ ಇಳಿಸಿದ್ರಾತು” ಅಂದ. ಊರು ಅವನ ಜಾಣತನಕ್ಕೆ ತಲೆದೂಗಿತು. ಮರಿಲಿಂಗಪ್ಪ ಕಾಕಾ ಮುಂದೆ ನಿಂತು ಕಟ್ಟೆ ಕಟ್ಟಿಸಿದ. ಗಾಲಿ ಬಿಚ್ಚಿ ತನ್ನ ಕೊಟ್ಟಿಗೆಯಲ್ಲಿಟ್ಟ. ಅಲುಗಾಡಬಾರದೆಂದು ಅಚ್ಚಿಗೆ ಸಿಮೆಂಟು ಹಾಕಿಸಿದ.

ಸಂಬಂಧಿಕರು ಬಂದರು, ಹೂವು ನೋಡಿದರು, ಸುತ್ತ ನಿಂತ ಜನ ನೋಡಿದರು. ಅವರೂ ಕೈ ಮುಗಿದು ಹೋದರು. ನಾವು ಗೆದ್ದೆವೆಂದು ನಾನು ಆವತ್ತು ಊರಿಗೆಲ್ಲ ಪುಕ್ಕಟೆ ಚಹಾ ಕೊಟ್ಟೆ.

ಗಾಡಿಯನ್ನು ಇಳಿಸುವ ಮೊದಲೇ ಯಾರೋ ಬಾಣಂತಿ ಬಂದು ಅದಕ್ಕೆ ಉಡಿ ತುಂಬಿದಳು. ಇನ್ನೊಬ್ಬ ಹೊಸ ಬೈಕು ತಂದು ಕಾಯಿ ಒಡೆಸಿದ. ಅಮಾವಾಸ್ಯೆ ಬಂತು, ಯುಗಾದಿ ಬಂತು. ಇಳಿಸುವ ಮಾತೆತ್ತಿದರೆ ಜನ ಗಲ್ಲ ಗಲ್ಲ ಬಡಿದುಕೊಳ್ಳತೊಡಗಿದರು. ಗದ್ದುಗೆ ಏರಿದ್ದನ್ನು ಇಳಿಸಬಾರದು, ಊರಿಗೆ ಒಳ್ಳೆಯದಲ್ಲ. ಗಾಡಿಯನ್ನು ಉಳಿಸಿಕೊಳ್ಳಲು ಕೂಡಿಸಿದ್ದೆವು, ಅದು ಕೂತೇಬಿಟ್ಟಿತು. ರಾಜಾಸಾಬ ಅದರ ಮುಂದೆ ಕಾಯಿ, ಊದಿನಕಡ್ಡಿ ಮಾರುತ್ತಾ ಕೂತ. ಅರುಣ ಬಸ್ಸು, ಕ್ರೂಸರು ಹಿಡಿದು ಯಾದಗಿರಿಗೆ ಓಡಾಡಿದ. ಒಮ್ಮೆ ಸಿಕ್ಕಿತು, ಒಮ್ಮೆ ಸಿಗಲಿಲ್ಲ. ಪಾಳಿ ತಪ್ಪುತ್ತಾ ತಪ್ಪುತ್ತಾ ಅವನು ಇಳಿದುಹೋದ.

ಅಂದು ಬೆಳಿಗ್ಗೆ ಅವನನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿ ನೋಡಿದೆವು. ಕುತ್ತಿಗೆಯೇ ನಿಲ್ಲಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದೆವು. ಅದು ಶಹಾಪುರದಿಂದ ಹೊರಟೂ ಇತ್ತು, ಪಾಪ. ಆದರೆ ಮೆರವಣಿಗೆ ಹೊರಟಿತ್ತಲ್ಲ! ಬಸವಂತರಾಯರ ಫೋಟೋ ಹೊತ್ತ ಟ್ರ್ಯಾಕ್ಟರು, ಹಲಗೆ, ಡೊಳ್ಳು, ಕ್ರೂಸರುಗಳ ಸಾಲು ಹಳ್ಳದ ಸೇತುವೆಯ ಮೇಲೆ ಸಿಕ್ಕಿಕೊಂಡು, ಆಚೆಯಿಂದ ಸೈಕಲ್ಲೂ ಬರುವಂತಿರಲಿಲ್ಲ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮರಿಲಿಂಗಪ್ಪ ಕಾಕಾನ ಎದುರಿಗೆ ಹೋಗಿ ನಿಂತೆ. ಅವನು ಹೊಸ ಧೋತರ ಉಟ್ಟು, ಗಾಡಿಯ ಕನ್ನಡಿಗೆ ಕುಂಕುಮ ಹಚ್ಚುತ್ತಿದ್ದ.

“ಕಾಕಾ, ಗಾಡಿ ಇಳಸ್ರಿ. ಅರುಣ ಹೋಗಾಕತ್ತಾನ.”

“ಏನ್ ಮಾತಾಡ್ತಿಯವ್ವ? ಎರಡು ವರ್ಷಾತು. ಅಚ್ಚು ಸಿಮೆಂಟಿನ್ಯಾಗದ.”

“ಒಡೀರಿ. ನಾ ಹಾರಿ ತರ್ತೀನಿ.”

“ಇವತ್ತಿನ ದಿನ ಹಾರಿ ಹಚ್ಚತಿಯಾ ಅವರಿಗೆ?” ಅಂದ ಅವನು. ಒಡೆದರೂ ಅದು ಓಡುವುದಿಲ್ಲ, ಎರಡು ವರ್ಷ ಇಂಜಿನ್ ಶುರು ಮಾಡಿಲ್ಲ, ನನಗೂ ಗೊತ್ತಿತ್ತು. ಆದರೂ ಬೈದೆ. “ಅವರು ಏನ್ ಹೇಳಿದ್ರು ನೆನಪದನ? ಮಾಲಿ ಬ್ಯಾಡ ಅಂದಿದ್ರು. ನೀವು ಅವರನ್ನ ಎರಡನೇ ಸಲ ಕೊಂದ್ರಿ.”

ಅವನು ತಿರುಗಿ ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಕಣ್ಣೊರೆಸಿಕೊಂಡು, “ಒಳಗ ಮಂಚ ಅದ, ನೆಳ್ಳ ಅದ. ನಿನ್ನ ತಗಡಿನ ಅಂಗಡ್ಯಾಗ ಹುಡುಗ ಬೇಯ್ತಾನ. ಆಂಬುಲೆನ್ಸ್ ಬರೂತನಕ ಇಲ್ಲಿ ಮಲಗಸೂಣು” ಅಂದ. ತಾನೇ ಬಂದು ಅರುಣನನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಆ ಹೊತ್ತಿಗೆ ನನಗೆ ಬೇರೆ ದಾರಿ ಇರಲಿಲ್ಲ.

ಒಳಗೆ ಊದಿನಕಡ್ಡಿಯ ವಾಸನೆ. ಮಂಚದ ಮೇಲೆ ಯಾರೋ ಏರಿಸಿದ ಹಸಿರು ಸೀರೆ, ತೊಟ್ಟಿಲ ಗೊಂಬೆ. ಎಲ್ಲ ಆಚೆ ತಳ್ಳಿ ಅರುಣನನ್ನು ಮಲಗಿಸಿದೆವು. ನಾನು ಅವನ ತಲೆ ತೊಡೆಯ ಮೇಲಿಟ್ಟುಕೊಂಡೆ. ಬೆನ್ನಿಗೆ ಆ ಮಂಚ ತಾಕಿದ್ದೇ ಅವನು ಕಣ್ಣು ತೆರೆಯದೆ ನಕ್ಕ.

“ಗಾಡಿ ಬಂತೇನಕ್ಕಾ?”

ನಾನು ಅವನ ಹಣೆ ಒರೆಸಿದೆ. ಮುಂದಿನ ಬಾಗಿಲು ತೆಗೆದ ಸದ್ದಾಯಿತು. ರಾಜಾಸಾಬ ಕಾಯಿಯ ಬುಟ್ಟಿ ಬಿಟ್ಟು ಬಂದು ತನ್ನ ಸೀಟಿನಲ್ಲಿ ಕೂತಿದ್ದ.

“ಬಂತು ಮಾಸ್ತರ. ಹೊಂಟೇವಿ” ಅಂದ.

ಹೊರಗೆ ಡೊಳ್ಳು ಹತ್ತಿರವಾಗುತ್ತಿತ್ತು. ಜನ ಗಾಡಿಗೆ ಕೈ ಹಚ್ಚಿ ಒತ್ತಿಕೊಂಡು ನಿಂತಿದ್ದಕ್ಕೆ, ಅಚ್ಚು ಕದಲದಿದ್ದರೂ ಅದರ ಮೈ ಸಣ್ಣಗೆ ಅಲುಗುತ್ತಿತ್ತು. ಅರುಣನಿಗೆ ಅದು ಓಡುವಂತೆಯೇ ಅನಿಸಿರಬೇಕು. ರಾಜಾಸಾಬ ಸ್ಟೇರಿಂಗ್ ಹಿಡಿದು, ನಡುನಡುವೆ ಬಿಟ್ಟು, ಒಂದೊಂದೇ ಊರು ಹೇಳಿದ. “ಭೀಮರಾಯನಗುಡಿ ಬಂತು… ಬುದ್ಧನ ಗುಡ್ಡ ಕಾಣಾಕತ್ತದ, ಮಲಗ್ಯಾನ ನೋಡು ನಿನ್ನಂಗ… ಶಹಾಪುರ ಬಸ್‌ಸ್ಟ್ಯಾಂಡ್ ದಾಟಿದ್ವಿ…” ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ಅಳುತ್ತಿತ್ತು, ದನಿ ಅಳಲಿಲ್ಲ.

“ದೋರನಹಳ್ಳಿ” ಅಂದಾಗ ಅರುಣ ತಲೆಯಾಡಿಸಿದ. “ನಾಯ್ಕಲ್” ಅಂದಾಗ ಆಡಿಸಲಿಲ್ಲ. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಾಗಿತ್ತು. ರಾಜಾಸಾಬ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಹೇಳಿದ.

“ಮಾಸ್ತರ, ಭೀಮಾ ಬ್ರಿಜ್ ಬಂತು. ನಿಧಾನ ಮಾಡೇನಿ.”

ಅರುಣನ ಬಲಗೈ ಅಂಗಿಯ ಜೇಬಿನ ಕಡೆ ಹೋಯಿತು, ಮುಟ್ಟಲಿಲ್ಲ. ನಾನು ನನ್ನ ಎಲೆ-ಅಡಿಕೆ ಚೀಲದಿಂದ ಒಂದು ನಾಣ್ಯ ತೆಗೆದು ಅವನ ಅಂಗೈಯಲ್ಲಿಟ್ಟೆ. ಕೈ ಎತ್ತಿ ಹಿಡಿದು ಕಿಟಕಿಯಾಚೆ ಚಾಚಿಸಿದೆ. ಅವನ ಬೆರಳು ಬಿಚ್ಚಿದವು. ನಾಣ್ಯ ಸಿಮೆಂಟಿನ ಮೇಲೆ ಬಿದ್ದು ಟಣ್ಣೆಂದಿತು.

ಆ ಸದ್ದು ಅವನಿಗೆ ಕೇಳಿಸದಿರಲಿ ಅಂತ ನಾನು ಬೇಡಿಕೊಂಡೆ. ಅವನು ಕಣ್ಣು ತೆರೆದು ನನ್ನನ್ನು ನೋಡಿದ. ಕೇಳಿಸಿತ್ತು.

ಮೆರವಣಿಗೆಯಲ್ಲಿ ಬಂದವರಿಗೆ ಒಳಗೆ ಯಾರಿದ್ದಾರೆಂದು ಗೊತ್ತಿರಲಿಲ್ಲ. ಕಿಟಕಿಯಿಂದ ಕೈಯೊಂದು ಬಂದು ನಾಣ್ಯ ಹಾಕಿದ್ದು ಮಾತ್ರ ಕಂಡಿತ್ತು. ಇವತ್ತಿನ ಹರಕೆ ಹೀಗೇ ಇರಬೇಕೆಂದು ತಿಳಿದು ಒಬ್ಬಳು ನಾಣ್ಯ ಎಸೆದಳು. ಅವಳನ್ನು ನೋಡಿ ಇನ್ನೊಬ್ಬ. ಆಮೇಲೆ ಎಲ್ಲರೂ. ನಾಣ್ಯಗಳು ತಗಡಿಗೆ ಬಡಿದವು, ಕಿಟಕಿಯೊಳಗೆ ಬಂದು ಮಂಚದ ಮೇಲೆ, ಅವನ ಎದೆಯ ಮೇಲೆ ಬಿದ್ದವು. “ಡಾಕ್ಟ್ರಪ್ಪಗ ಜಯವಾಗಲಿ” ಅಂದರು. ನಾನು ಬೇಡ್ರೋ, ಬೇಡ್ರೋ ಅಂತ ಚೀರಿದೆ. ಡೊಳ್ಳಿನಲ್ಲಿ ನನ್ನ ಬಾಯಿ ಯಾರಿಗೂ ಕೇಳಲಿಲ್ಲ.

ರಾಜಾಸಾಬ ಮುಂದಿನ ಊರು ಹೇಳಲಿಲ್ಲ.

ಆಂಬುಲೆನ್ಸ್ ಬಂದಾಗ ಹುಗ್ಗಿಯ ಪಂಕ್ತಿ ಕೂತಿತ್ತು. ಮರಿಲಿಂಗಪ್ಪ ಕಾಕಾ ಎಲೆಯ ಮುಂದಿಂದ ಎದ್ದು ಬಂದು ಗಾಡಿಯ ಮೆಟ್ಟಿಲಿಗೆ ತಲೆ ಹಚ್ಚಿ ಅತ್ತ. ಊರೂ ಅತ್ತಿತು, ಇಲ್ಲವೆನ್ನುವುದಿಲ್ಲ. ಅತ್ತು, ಮರುದಿನ ಒಂದು ಮಾತು ಹುಟ್ಟಿಸಿತು. ಅರುಣ ಮಾಸ್ತರ ಪುಣ್ಯವಂತ, ಡಾಕ್ಟ್ರಪ್ಪ ತನ್ನ ಗಾಡಿಯಲ್ಲೇ ಅವನನ್ನು ಕರೆದುಕೊಂಡು ಹೋದ ಅಂತ.

ಈಗ ಬರುವವರೆಲ್ಲ ಆ ಕಿಟಕಿಗೆ ನಾಣ್ಯ ಹಾಕುತ್ತಾರೆ. ನಿನ್ನೆ ಶಿರವಾಳದಿಂದ ಒಬ್ಬಳು ಗಂಡನನ್ನು ಕರೆದುಕೊಂಡು ಬಂದಿದ್ದಳು. ಅವನ ಕಾಲು ಬಾತಿದ್ದವು. ಚಹಾ ಕುಡಿಯುತ್ತಾ ಅವಳು ನನ್ನನ್ನು ಕೇಳಿದಳು, “ಯಕ್ಕಾ, ಒಳಗ ಎಷ್ಟೊತ್ತು ಮಲಗಿಸಬೇಕಂತ?”

ಯಾದಗಿರಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿದೆ. ಅವಳು ಆ ಕಡೆ ನೋಡಲಿಲ್ಲ. ಗಂಡನ ಕೈ ಹಿಡಿದು ಗದ್ದುಗೆಯ ಮೆಟ್ಟಿಲು ಹತ್ತಿಸಿದಳು.